ಗಂಟೆ ಬಾರಿಸಿದರೆ ಮಾಯವಾಗಬೇಕು

ಫೆಬ್ರವರಿ 4

ಪ್ರೀತಿಯ ದೊಡ್ಡಮ್ಮ,

ಬಂದು ತಲುಪಿದೆ. ಮೊದಲ ವಾರವೇ ಬರೆಯುತ್ತಿದ್ದೇನೆ, ನೋಡು. ಆಮೇಲೆ ಹೊಲಿಗೆ ಮಷಿನ್ ತುಳಿಯುತ್ತಾ "ಸಾಕಿದವಳನ್ನ ಮರೆತೇಬಿಟ್ಲು" ಎಂದು ಗಿರಾಕಿಗಳ ಮುಂದೆ ನನ್ನ ಮಾನ ಕಳೆಯಬೇಡ.

ನಾನು ಹುಟ್ಟಿದ ಜಾಗ ಇಷ್ಟು ದೊಡ್ಡದು ಅಂತ ನೀನಾಗಲಿ ಅಪ್ಪನಾಗಲಿ ಒಂದು ದಿನವಾದರೂ ಬಾಯಿ ಬಿಟ್ಟಿದ್ದೀರಾ? ಗೇಟಿನಿಂದ ಬಂಗಲೆಗೆ ನಡೆಯುವಷ್ಟರಲ್ಲಿ ನನ್ನ ಚಪ್ಪಲಿಯ ಪಟ್ಟಿ ಕಿತ್ತುಬಂತು. ಹುಲ್ಲುಹಾಸು ಇಸ್ತ್ರಿ ಮಾಡಿ ಹಾಸಿದ ಹಾಗಿದೆ. ಬೇಲಿಗಿಡಗಳನ್ನು ಕತ್ತರಿಸಿ ಕುದುರೆ, ಹೂಜಿ, ಕುರ್ಚಿ ಎಲ್ಲ ಮಾಡಿದ್ದಾರೆ. ಒಂದು ಕುದುರೆಗೆ ಮಾತ್ರ ಬಾಲ ಒಣಗಿಹೋಗಿದೆ. ಮಾಲಿ ಅದಕ್ಕೆ ಹಸಿರು ಬಣ್ಣ ಬಳಿದಿದ್ದಾನೆ! ನನಗೆ ನಗು ತಡೆಯಲಾಗಲಿಲ್ಲ.

ಯಜಮಾನಿ ಒಳ್ಳೆಯವರು. ಗಂಡ ತೀರಿಕೊಂಡ ಮೇಲೆ ಇಷ್ಟು ದೊಡ್ಡ ತೋಟವನ್ನು ಒಬ್ಬರೇ ಸಂಭಾಳಿಸಲಾಗದೆ, ಜೂನ್ ತಿಂಗಳಿಂದ ಟಿಕೆಟ್ ಇಟ್ಟು ಜನರಿಗೆ ತೆರೆಯುತ್ತಾರಂತೆ. ಗೇಟಿನಲ್ಲಿ ಮಾರಲು ತೋಟದ ಇತಿಹಾಸ ಬರೆದುಕೊಡುವುದು ನನ್ನ ಕೆಲಸ. ಗಾಜಿನ ಮನೆಯ ಪಕ್ಕದ ಕೋಣೆ ಕೊಟ್ಟಿದ್ದಾರೆ. ಗೋಡೆಯಲ್ಲೆಲ್ಲ ಗೊಬ್ಬರದ ವಾಸನೆ. ಕಿಟಕಿ ಚೆನ್ನಾಗಿದೆ.

ಇತಿಹಾಸ ಕೇಳುತ್ತಾ ಹೋದರೆ ದಿನಕ್ಕೊಂದು ಸಲ ಬೆಪ್ಪಾಗುತ್ತೇನೆ. ಮೊದಲ ಯಜಮಾನರು ಬಂಗಲೆ ಕಟ್ಟಿಸಿದಾಗ ಎದುರಿನ ದಿಣ್ಣೆಯ ಮೇಲೆ ಒಂದು ಪುಟ್ಟ ಊರಿತ್ತಂತೆ. ಕಿಟಕಿಯಿಂದ ನೋಡಿದರೆ ಜನರು ಒಣಹಾಕಿದ ಬಟ್ಟೆ ಕಾಣುತ್ತದೆ ಎಂದು ಆ ಊರನ್ನೇ ಎತ್ತಿಸಿ ದಿಣ್ಣೆಯ ಆಚೆ ಇಟ್ಟರಂತೆ. ಊರನ್ನು, ದೊಡ್ಡಮ್ಮ! ಬೀರು ಸರಿಸಿದ ಹಾಗೆ! ಅವರ ಮಗ ಬಂದು ಮೇಲೆ ಕೆರೆ ತೋಡಿಸಿದರು, ಕೆಳಗೆ "ಬೆಳ್ಳಿ ಪರದೆ" ಮಾಡಿಸಿದರು. ಕೆರೆಯ ತೂಬು ಎತ್ತಿದರೆ ನೀರು ನೆಲದಡಿಯ ಕಾಲುವೆಯಲ್ಲಿ ಹರಿದು, ದೊಡ್ಡ ಬಂಡೆಯ ಹಿಂದಿನ ಪುಟ್ಟ ಕಲ್ಲುಕೋಣೆಯನ್ನು ತುಂಬಿ, ಕಬ್ಬಿಣದ ಸರಳುಗಳ ನಡುವಿನಿಂದ ಬಂಡೆಯ ಮುಖದ ಮೇಲೆ ಪರದೆಯ ಹಾಗೆ ಇಳಿಯುತ್ತಿತ್ತಂತೆ. ವರ್ಷದಲ್ಲಿ ಒಂದೆರಡು ಸಲ, ದೊಡ್ಡ ಅತಿಥಿಗಳು ಬಂದಾಗ ಮಾತ್ರ. ನಾನು ಹುಟ್ಟಿದ ಕಾಲದಿಂದ ಅದು ನಿಂತುಹೋಗಿದೆ. ಈಗ ಸರಿಮಾಡಿಸಿದ್ದಾರೆ.

ಇನ್ನೊಂದು ವಿಷಯ ನಿನಗೆ ಗೊತ್ತೇ ಇರುತ್ತದೆ. ಮನೆಯವರು ತೋಟಕ್ಕೆ ಇಳಿಯುವಾಗ ಜಗಲಿಯಲ್ಲಿ ಗಂಟೆ ಬಾರಿಸುತ್ತಿದ್ದರಂತೆ. ಬಾರಿಸಿದ ಕೂಡಲೇ ಕೆಲಸದವರೆಲ್ಲ ಮಾಯವಾಗಬೇಕು. ಬೆನ್ನೂ ಕಾಣಬಾರದು, ಕೆಮ್ಮೂ ಕೇಳಬಾರದು. ತೋಟ ತಾನಾಗಿಯೇ ಬೆಳೆದ ಹಾಗೆ ಇರಬೇಕಂತೆ! ನೀನೂ ಅಮ್ಮನೂ ಹೀಗೆ ಪೊದೆಯ ಹಿಂದೆ ಓಡಿಹೋಗಿ ಕೂರುತ್ತಿದ್ದಿರಾ? ನೀನು, ಕೆಮ್ಮದೆ, ಮಾತಾಡದೆ? ನಂಬುವ ಮಾತೇ ಅಲ್ಲ ಬಿಡು.

ಅಂದ ಹಾಗೆ ಯಜಮಾನಿಗೆ ಒಂದು ಸಲಹೆ ಕೊಟ್ಟಿದ್ದೇನೆ. ಆರಂಭದ ದಿನ ತೂಬು ಎತ್ತಲು, ಇಲ್ಲಿ ನೀರು ಕಾಯುತ್ತಿದ್ದ ನಮ್ಮಪ್ಪನನ್ನೇ ಕರೆಸಿ ಎಂದೆ. ಅವರಿಗೆ ಎಷ್ಟು ಖುಷಿಯಾಯಿತು ಗೊತ್ತಾ? ಅಪ್ಪನಿಗೆ ಈಗಲೇ ಹೇಳಬೇಡ.

ನಿನ್ನ
ಗುಬ್ಬಿ

*

ಫೆಬ್ರವರಿ 19

ಗುಬ್ಬಿ,

ಕಾಗದ ಬಂತು. ಚಪ್ಪಲಿ ಕಿತ್ತುಬರದೆ ಏನಾಗುತ್ತದೆ? ಹೊರಡುವ ಮುಂಚೆಯೇ ಹೊಲಿಸಿಕೋ ಎಂದು ಬಡಿದುಕೊಂಡೆ.

ನನ್ನ ಅಂಗಡಿ ಕುಂಟುತ್ತಾ ನಡೆದಿದೆ. ಎದುರು ಸಾಲಿನ ಕಂಪೌಂಡರನ ಹೆಂಡತಿಗೆ ಮೈ ಬಂದಿದೆ, ಬೈಯುವುದು ಮಾತ್ರ ನನ್ನ ಅಳತೆಗೆ. ನಿನ್ನಪ್ಪ ಎಂದಿನ ಹಾಗೆ ಹಿಂದಿನ ಕೋಣೆಯಲ್ಲಿ ಯಾರದೋ ಸೈಕಲ್ ಬಿಚ್ಚಿ ಹರಡಿಕೊಂಡು ಕೂತಿದ್ದಾನೆ. ಕೇಳಿದ ಮಾತಿಗೆ ಉತ್ತರ, ಹಾಕಿದ ತಟ್ಟೆಗೆ ಊಟ. ಹಾಗೇ ಇದ್ದಾನೆ, ಹಾಗೇ ಇರಲಿ.

ಅವನನ್ನು ಕರೆಸುವ ಮಾತು ಬಿಡು. ಮಂಡಿ ನೋವು. ಬಸ್ಸು ಹತ್ತಿ ಇಳಿಯುವುದು ಆಗದು. ಯಜಮಾನಿಗೂ ಹಾಗೆಂದು ಹೇಳು. ನನ್ನ ಕಿವಿಗೆ ಬಿದ್ದದ್ದು ಅವನ ಕಿವಿಗೆ ಬೀಳದ ಹಾಗೆ ನೋಡಿಕೊಂಡಿದ್ದೇನೆ.

ನೀನು ಹೂವು, ಗಿಡ, ಮರ ಇವುಗಳ ಬಗ್ಗೆ ಬರೆ. ಜನರು ತೋಟಕ್ಕೆ ಬರುವುದು ಅದನ್ನು ನೋಡಲು. ಗಂಟೆ, ನೀರು ಇವೆಲ್ಲ ಯಾರಿಗೆ ಬೇಕು? ಎಲ್ಲದರಲ್ಲೂ ಮೂಗು ತೂರಿಸುವ ಅಭ್ಯಾಸ ನಿನ್ನ ಅಮ್ಮನದಲ್ಲ. ನನ್ನಿಂದ ಬಂದಿರಬೇಕು.

ಶೀತ ಆಗಿದ್ದರೆ ಬಿಸಿನೀರು ಕುಡಿ.

ದೊಡ್ಡಮ್ಮ

*

ಮಾರ್ಚ್ 21

ದೊಡ್ಡಮ್ಮ,

ನಿನ್ನ ಕಾಗದ ಓದಿ, ಮಂಡಿ ನೋವು ಅಪ್ಪನದೋ ನಿನ್ನದೋ ಎಂದು ಅನುಮಾನ ಬಂತು. ನಾನು ಹೊರಡುವ ಹಿಂದಿನ ದಿನ ತಾನೇ ಅವರು ಸೈಕಲ್ ಏರಿ ಪೇಟೆಗೆ ಹೋಗಿದ್ದನ್ನು ನಾನೇ ನೋಡಿದ್ದೇನೆ. ಇರಲಿ, ಯಜಮಾನಿ ಆಗಲೇ ಅಪ್ಪನ ಹೆಸರನ್ನು ಕಾರ್ಯಕ್ರಮದ ಪಟ್ಟಿಯಲ್ಲಿ ಹಾಕಿಬಿಟ್ಟಿದ್ದಾರೆ.

ನೆನ್ನೆ ಅವರು ಒಂದು ಕಥೆ ಹೇಳಿದರು. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು. ಇತಿಹಾಸದಲ್ಲಿ ಅದಕ್ಕೇ ಒಂದು ಪುಟ ಕೊಟ್ಟಿದ್ದೇನೆ. ಅವರ ಮಾವನವರ ಕಾಲದಲ್ಲಿ ಯಾರೋ ಭಾರಿ ದೊಡ್ಡವರು ಅತಿಥಿಗಳಾಗಿ ಬಂದಿದ್ದರಂತೆ. ಎಲ್ಲರೂ ಬಂಡೆಯ ಮುಂದೆ ಸಾಲಾಗಿ ನಿಂತಿದ್ದಾರೆ. ಜಗಲಿಯಿಂದ ಬಾವುಟ ಬೀಸಿದ್ದಾರೆ, ಮೇಲೆ ತೂಬು ಎತ್ತಿದ್ದಾರೆ. ನೀರು ಇಳಿಯುವುದಕ್ಕೂ, ಬಂಡೆಯ ಪಕ್ಕದ ಪುಟ್ಟ ಬಾಗಿಲಿಂದ ಒಬ್ಬ ಕಳೆ ಕೀಳುವವಳು ಒದ್ದೆ ಕೋಳಿಯ ಹಾಗೆ ಹಾರಿ ಈಚೆ ಬರುವುದಕ್ಕೂ ಸರಿಹೋಯಿತಂತೆ! ದೊಡ್ಡವರು ಅದನ್ನು ಆಟದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರಂತೆ. "ನಮ್ಮನೇಲಿ ಈಗಲೂ ಯಾರಾದ್ರೂ ನೆನೆದು ಬಂದ್ರೆ 'ಬಂತಪ್ಪ ಒದ್ದೆ ಕೋಳಿ' ಅಂತೀವಿ" ಎಂದು ಯಜಮಾನಿ ಕಣ್ಣೊರೆಸಿಕೊಂಡು ನಕ್ಕರು. ಆರಂಭದ ದಿನ ಭಾಷಣದಲ್ಲೂ ಹೇಳುತ್ತಾರಂತೆ. ಆ ಹೆಂಗಸು ಯಾರೆಂದು ನಿನಗೆ ಗೊತ್ತಿರಲೇಬೇಕು. ನಿಮ್ಮ ಜೊತೆಯವಳೇ ಅಲ್ಲವೇ? ಹೇಳು, ಹೇಳು.

ಗಂಟೆಯ ಪದ್ಧತಿಯನ್ನೂ ಆ ದಿನ ಮತ್ತೆ ತೋರಿಸುತ್ತಾರಂತೆ. ಹೊಸದಾಗಿ ಸೇರಿಸಿಕೊಂಡಿರುವ ಹೆಂಗಸರಿಗೆ ಹಳೆಯ ಕಾಲದ ಬಟ್ಟೆ ಹೊಲಿಸಿದ್ದಾರೆ. ಗಂಟೆ ಬಾರಿಸಿದರೆ ಅವರೆಲ್ಲ ಓಡಿ ಬಚ್ಚಿಟ್ಟುಕೊಳ್ಳಬೇಕು, ಜನ ನೋಡಿ ಖುಷಿಪಡಬೇಕು. ಇದು ಮಾತ್ರ ನನಗೆ ಅಷ್ಟು ಸರಿಬರಲಿಲ್ಲ. ಮುಖ ಒಂದು ಥರ ಮಾಡಿಕೊಂಡು ಸುಮ್ಮನಾದೆ.

ಇನ್ನೊಂದು. ಭಾನುವಾರ ಅಮ್ಮನಿಗೆ ನಾಲ್ಕು ಹೂವು ಇಟ್ಟುಬರೋಣವೆಂದು ಕೆರೆಗೆ ಹೋದೆ. ಅವಳು ಜಾರಿಬಿದ್ದ ಮೆಟ್ಟಿಲು ಯಾವುದೆಂದು ಸುತ್ತಲೂ ನಡೆದು ನೋಡಿದೆ. ಮೆಟ್ಟಿಲೇ ಇಲ್ಲ, ದೊಡ್ಡಮ್ಮ. ನಾಲ್ಕೂ ಕಡೆ ಹುಲ್ಲಿನ ಇಳಿಜಾರು. ಕಿತ್ತುಹಾಕಿದರೇ ಎಂದು ಕೇಳಿದರೆ, ಈ ಕೆರೆಗೆ ಮೆಟ್ಟಿಲು ಯಾವತ್ತೂ ಇರಲಿಲ್ಲ ಎನ್ನುತ್ತಾರೆ. ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ವಾಪಸು ತಂದು ಲೋಟದಲ್ಲಿ ಹಾಕಿದೆ.

ಬೇಗ ಬರೆ.

ಗುಬ್ಬಿ

*

ಮೇ 2

ಗುಬ್ಬಿ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಬಟ್ಟೆಯ ತುಂಡುಗಳ ಕೆಳಗೆ ತುರುಕಿಟ್ಟಿದ್ದೆ. ಕತ್ತರಿ ಹುಡುಕುವಾಗೆಲ್ಲ ಕೈಗೆ ಸಿಗುತ್ತಿತ್ತು. ನೀನು ಆಮೇಲೆ ಬರೆದ ಎರಡು ಚೀಟಿಗಳಿಗೂ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಕೂತುಕೊಂಡು ಓದು.

ಆ ಒದ್ದೆ ಕೋಳಿ ನಾನೇ.

ಅತಿಥಿಗಳು ಬರುವ ದಿನ ಕಳೆ ಕೀಳುವವರಿಗೆ ರಜೆ. ತೋಟದಲ್ಲಿ ನೆರಳೂ ಬೀಳಬಾರದು. ಮೇಲೆ ತೂಬಿನ ಹತ್ತಿರ ನಿಂತಿದ್ದ ನಿನ್ನಪ್ಪನಿಗೂ ಗೊತ್ತಿದ್ದದ್ದು ಅಷ್ಟೇ, ಕೆಳಗೆ ಯಾರೂ ಇಲ್ಲ ಅಂತ. ಆದರೆ ಬೆಳಿಗ್ಗೆ ಗಾಳಿ ಎದ್ದು ಬಂಡೆಯ ಮುಂದೆಲ್ಲ ತರಗೆಲೆ ಬಿತ್ತು. ತೋಟದ ಮೇಸ್ತ್ರಿ ನಮ್ಮ ಬಾಗಿಲಿಗೆ ಓಡಿಬಂದು "ಅಕ್ಕ ತಂಗಿ ಇಬ್ರೂ ಬನ್ನಿ, ಗುಡಿಸಿ ಹೋಗ್ಬಿಡಿ" ಅಂದ. ಆಗ ನೀನು ಅಂಬೆಗಾಲಿಡುತ್ತಿದ್ದೆ. ನಿನ್ನನ್ನು ಪಕ್ಕದ ಮನೆಯವಳ ಕಂಕುಳಿಗೆ ಕೊಟ್ಟು ಹೋದೆವು. ಅರ್ಧ ಗುಡಿಸಿರಲಿಲ್ಲ, ಗಂಟೆ ಬಾರಿಸಿತು. ದೊಡ್ಡವರಿಗೆ ಕೂತು ಬೇಜಾರಾಗಿ ಮುಂಚೆಯೇ ಹೊರಟಿದ್ದರು.

ಮಾತು ಹತ್ತಿರವೇ ಕೇಳಿಸಿತು. ಓಡಲು ದಾರಿಯಿರಲಿಲ್ಲ. ಬಂಡೆಯ ಪಕ್ಕದ ಬಾಗಿಲು ತಳ್ಳಿಕೊಂಡು ಕಲ್ಲುಕೋಣೆಗೆ ನುಗ್ಗಿದೆವು. ಎಷ್ಟೋ ಸಲ ಅಲ್ಲಿ ಕೂತಿದ್ದೇವೆ, ತಂಪಾಗಿರುತ್ತಿತ್ತು. ಸರಳಿನ ಆಚೆ ಅವರ ಬೂಟು ಕಾಣುತ್ತಿತ್ತು. ನಾವು ಉಸಿರು ಬಿಗಿಹಿಡಿದು ಕೂತೆವು.

"ಅಕ್ಕಾ, ಕಾಲು ನೆನೀತಿದೆ" ಅಂದಳು ನಿನ್ನಮ್ಮ.

"ನೀರು ಬಿಟ್ಟಿದಾರೆ ಕಣೇ! ನಡಿ ಈಚೆಗೆ."

"ಅಯ್ಯೋ ತಡಿ, ಇನ್ನೂ ನಿಂತಿದಾರೆ. ಅವ್ರು ಆ ಕಡೆ ಹೋಗ್ಲಿ. ಎದುರಿಗೆ ಹೋದ್ರೆ ಮನೆ ಖಾಲಿ ಮಾಡಿಸ್ತಾರೆ. ಗುಬ್ಬಿ ಇದಾಳೆ."

ಇಷ್ಟನ್ನೂ ಪಿಸುಮಾತಿನಲ್ಲೇ ಹೇಳಿದಳು. ಮಂಡಿಯವರೆಗೆ ನೀರು ಬಂದಿದೆ, ಅವಳು ಪಿಸುಗುಟ್ಟುತ್ತಿದ್ದಾಳೆ! ಅವಳ ಕೈ ಹಿಡಿದು ಎಳೆದೆ. ಬಾಗಿಲು ಒಳಕ್ಕೆ ತೆರೆಯುವಂಥದು, ಆಗಲೇ ಬಿಗಿಯಾಗಿತ್ತು. ಎರಡೂ ಕೈ ಬೇಕಾಯಿತು, ಅವಳ ಕೈ ಬಿಟ್ಟು ಬಾಗಿಲು ಎಳೆದು ಹಾರಿದೆ. ಹಿಂದೆಯೇ ಬರುತ್ತಾಳೆ ಎಂದುಕೊಂಡೆ. ತಿರುಗಿದರೆ ನೀರಿನ ರಭಸಕ್ಕೆ ಬಾಗಿಲು ಮುಚ್ಚಿಕೊಂಡಿತ್ತು.

ಆ ಜನ ನಕ್ಕರು. ಚಪ್ಪಾಳೆ ತಟ್ಟಿದರು. "ಒಳಗೆ ನನ್ ತಂಗಿ ಇದಾಳೆ" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ನೀರಿನ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ? ಮೇಸ್ತ್ರಿಗೆ ಕೇಳಿತು. ಅವನು ಹಿಂದಿನಿಂದ ಬಂದು ನನ್ನ ಬಾಯಿಯ ಮೇಲೆ ಅಂಗೈ ಒತ್ತಿ ಬೇಲಿಯ ಹಿಂದಕ್ಕೆ ಎಳೆದುಕೊಂಡು ಹೋದ. ಏನಂದ ಗೊತ್ತಾ? "ಸ್ವಲ್ಪ ತಡ್ಕೋ, ಅವ್ರು ಚಹಾಕ್ಕೆ ಹೋಗ್ಲಿ, ನಿಲ್ಲಿಸ್ತೀನಿ." ಸ್ವಲ್ಪ ತಡ್ಕೋ ಅಂತೆ! ಅವನ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ. ಬಿಡಲಿಲ್ಲ.

ನಿಮ್ಮಮ್ಮ ಕೂಗಲೇ ಇಲ್ಲ, ಗುಬ್ಬಿ. ಸರಳಿನ ಆಚೆ ಕೈಚಾಚಿದರೆ ಸಿಗುವಷ್ಟು ಹತ್ತಿರ ಜನ ನಿಂತಿದ್ದರು. ಕೂಗಿದ್ದರೆ ಯಾರಾದರೂ ಒಬ್ಬರು ಬಗ್ಗಿ ನೋಡುತ್ತಿದ್ದರೋ ಏನೋ. ಗಂಟೆ ಬಾರಿಸಿದ ಮೇಲೆ ಸದ್ದು ಮಾಡಬಾರದು ಅಂತ ಚಿಕ್ಕವಳಿದ್ದಾಗಿಂದ ಕಲಿತಿದ್ದಳಲ್ಲ.

ಚಹಾದ ಹೊತ್ತಿಗೆ ನೀರು ನಿಂತ ಮೇಲೆ ಅವಳ ಹೆಣ ಈಚೆ ತೆಗೆದೆವು. ನಿನ್ನಪ್ಪನಿಗೆ ಹೇಳುವುದು ಹೇಗೆ? ತೂಬು ಎತ್ತಿದ ಕೈ ಅವನದೇ. ಗೊತ್ತಾದರೆ ಅವನೂ ಆ ಕೆರೆಗೇ ಹಾರುತ್ತಾನೆ ಎಂದು ಎಲ್ಲರಿಗೂ ಭಯ. "ಕೆರೆ ಮೆಟ್ಟಿಲ ಹತ್ರ ಜಾರಿಬಿದ್ಲು" ಅಂದ ಮೇಸ್ತ್ರಿ, ಬಾಯಿಗೆ ಬಂದದ್ದು. ನಾನೂ ತಲೆಯಾಡಿಸಿದೆ. ಆ ಮನೆಯವರಿಗೆ ಅದೇ ಬೇಕಿತ್ತು. ನನಗೆ ಮಾತ್ರ ಅವನು ಬದುಕಿದರೆ ಸಾಕಿತ್ತು. ನಿನಗೆ ಅಪ್ಪನಾದರೂ ಇರಬೇಕಲ್ಲ.

ಅವತ್ತಿನಿಂದ ಅವನು ಆ ತೋಟದ ಮಾತೆತ್ತಿಲ್ಲ. ನಾನೂ ಎತ್ತಿಲ್ಲ. ಒಂದೇ ಸೂರಿನಡಿ ಇದ್ದೇವೆ, ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದಿದ್ದೇನೆ. ಈಗ ನೀನು ಅವನ ಕೈಯಲ್ಲೇ ಮತ್ತೆ ತೂಬು ಎತ್ತಿಸುತ್ತೇನೆ ಎನ್ನುತ್ತೀಯ. ಆ ಹೆಂಗಸು ಅವನ ಮುಂದೆ ನಿಂತು ಒದ್ದೆ ಕೋಳಿಯ ಕಥೆ ಹೇಳುತ್ತಾಳೆ ಎನ್ನುತ್ತೀಯ.

ನಿಲ್ಲಿಸು. ಏನಾದರೂ ಮಾಡಿ ನಿಲ್ಲಿಸು.

ದೊಡ್ಡಮ್ಮ

*

ಮೇ 9

ದೊಡ್ಡಮ್ಮ,

ಏನು ಬರೆಯಲಿ? ಮೂರು ಹಾಳೆ ಹರಿದುಹಾಕಿದೆ. ನಾನು ನಕ್ಕಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅದನ್ನೇ ನಿನಗೆ ಬರೆದು, "ಹೇಳು, ಹೇಳು" ಎಂದು ಗೋಗರೆದಿದ್ದೆ. ನನ್ನ ಮುಖ ನನಗೇ ನೋಡಿಕೊಳ್ಳಲಾಗುತ್ತಿಲ್ಲ.

ಬಂಡೆಯ ಹತ್ತಿರ ಹೋದೆ. ಬಾಗಿಲು ನನ್ನ ಸೊಂಟದಷ್ಟು ಎತ್ತರವಿದೆ, ಹಸಿರು ಬಣ್ಣ ಹೊಡೆದಿದ್ದಾರೆ. ತಳ್ಳಿ ಒಳಗೆ ಕೂತೆ. ಸರಳಿನಿಂದ ಹೊರಗೆ ನೋಡಿದೆ. ಮಾಲಿಯೊಬ್ಬ ಗಾಡಿ ತಳ್ಳಿಕೊಂಡು ಹೋದ, ಅವನ ಬೂಟಿನ ದಾರ ಬಿಚ್ಚಿಹೋಗಿದ್ದೂ ಕಾಣಿಸಿತು. ಅಷ್ಟು ಹತ್ತಿರ! "ಅಣ್ಣಾ" ಎಂದರೆ ಕೇಳುವಷ್ಟು ಹತ್ತಿರ. ಎದ್ದು ಈಚೆ ಬಂದೆ.

ಆಮೇಲೆ ನೇರವಾಗಿ ಯಜಮಾನಿಯ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬೆಚ್ಚಿಬೀಳುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಂಗೆ ಗೊತ್ತು. ಅತ್ತೆ ಹೋಗೋ ಮುಂಚೆ ಹೇಳಿದ್ರು. ಆದ್ರೆ ಅದು ನಿಮ್ಮ ತಾಯಿ ಅಂತ ಗೊತ್ತಿರ್ಲಿಲ್ಲ, ನಿಜವಾಗ್ಲೂ."

"ಗೊತ್ತಿದ್ದೂ ಆ ಕಥೆ ಹೇಳ್ಕೊಂಡು ನಗ್ತೀರಾ?"

"ಅದು ಬೇರೆ ಕಥೆ ಅಲ್ವಾ? ಒಂದು ತಮಾಷೆದು, ಇನ್ನೊಂದು ದುಃಖದ್ದು. ಎರಡನ್ನೂ ಯಾಕೆ ಸೇರಿಸ್ತೀರಿ?"

ಹೀಗೂ ಇರುತ್ತಾರಾ ಜನ? ಕೆಟ್ಟವರಲ್ಲ, ದೊಡ್ಡಮ್ಮ. ನನಗೆ ಜ್ವರ ಬಂದಾಗ ತಾವೇ ಗಂಜಿ ತಂದುಕೊಟ್ಟವರು. ಅದಕ್ಕೇ ಇನ್ನೂ ಗಾಬರಿಯಾಗುತ್ತದೆ. ನನ್ನ ಕೈ ಹಿಡಿದುಕೊಂಡು, "ನಿಮ್ಮಮ್ಮನ ನೆನಪಿಗೆ ಒಂದು ಬೆಂಚು ಹಾಕ್ಸೋಣ" ಎಂದರು. ಬೆಂಚು!

ಕೊನೆಗೆ ಕಥೆಯನ್ನು ಭಾಷಣದಿಂದ ತೆಗೆಯಲು ಒಪ್ಪಿದರು. ಕಲ್ಲುಕೋಣೆಗೆ ಬೀಗ ಹಾಕಿಸಲೂ ಒಪ್ಪಿದರು. ಗಂಟೆ ಮಾತ್ರ ಬಿಡುವುದಿಲ್ಲವಂತೆ, ಜನ ಅದನ್ನು ನೋಡಲೆಂದೇ ಟಿಕೆಟ್ ಕೊಂಡಿದ್ದಾರಂತೆ. ಅಪ್ಪನಿಗೆ ಕರೆಯೋಲೆ ಹೋದ ವಾರವೇ ಅಂಚೆಗೆ ಬಿದ್ದಿದೆ. ನಾನು ನೋಡುವಷ್ಟರಲ್ಲಿ ಕೈಮೀರಿತ್ತು. ಅದು ಅಪ್ಪನ ಕೈಗೆ ಸಿಗದ ಹಾಗೆ ನೋಡಿಕೋ. ನಿನ್ನ ಕಾಲು ಹಿಡಿಯುತ್ತೇನೆ.

ಗುಬ್ಬಿ

*

ಮೇ 20

ಗುಬ್ಬಿ,

ನಿನ್ನ ಕಾಗದಕ್ಕಿಂತ ಮುಂಚೆ ಕರೆಯೋಲೆ ಬಂತು. ನಾನು ಸೂಜಿ ತರಲು ಹೋಗಿದ್ದೆ. ಅಂಚೆಯವನು ನಿನ್ನಪ್ಪನ ಕೈಗೇ ಕೊಟ್ಟುಹೋಗಿದ್ದಾನೆ. ಆ ಅಂಚೆಯವನಿಗೆ ಬೇರೆ ದಿನ ಸಿಗಲಿಲ್ಲ.

ಬಂದು ನೋಡಿದರೆ ಅದನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದಾನೆ. "ಹೋಗಲ್ಲ ಅಂತ ಬರೆದ್ಬಿಡು, ನಾನೇ ಹಾಕ್ತೀನಿ" ಎಂದೆ.

"ಇಲ್ಲ ಅತ್ತಿಗೆ, ಹೋಗ್ತೀನಿ" ಎಂದ.

ತಕ್ಷಣವೇ ಹೇಳಿದ, ಯೋಚನೆಯೇ ಮಾಡಲಿಲ್ಲ! ಆ ತೋಟದ ಹೆಸರು ಕೇಳಿದರೆ ಎದ್ದು ಹೋಗುತ್ತಿದ್ದವನು. ಮಂಡಿ ಅಂದೆ, ಬಿಸಿಲು ಅಂದೆ, ನನಗೆ ಹುಷಾರಿಲ್ಲ ಅಂದೆ, ಸುಳ್ಳುಸುಳ್ಳೇ ಮಲಗಿಯೂ ನೋಡಿದೆ. ಗಂಜಿ ಮಾಡಿಕೊಟ್ಟ, ಆದರೆ ಹೋಗುತ್ತೇನೆ ಎನ್ನುವುದನ್ನು ಬಿಡಲಿಲ್ಲ. ಕ್ಷೌರ ಮಾಡಿಸಿಕೊಂಡಿದ್ದಾನೆ. ಒಂದು ಅಂಗಿ ಹೊಲಿದುಕೊಡು ಎಂದು ಕೇಳಿದ. ಜನ್ಮದಲ್ಲಿ ಮೊದಲ ಸಲ ಬಾಯಿಬಿಟ್ಟು ಏನೋ ಕೇಳಿದ್ದಾನೆ. ಹೊಲಿಯುತ್ತಿದ್ದೇನೆ, ಕಣ್ಣು ಕಾಣುತ್ತಿಲ್ಲ.

ನನಗೆ ಬರಲಾಗದು. ಆ ಬಂಡೆಯನ್ನು ನೋಡಿದರೆ ಅಲ್ಲೇ ನನ್ನ ಪ್ರಾಣ ಹೋಗುತ್ತದೆ. ನೀನು ಅವನ ಪಕ್ಕದಿಂದ ಅಲುಗಾಡಬೇಡ. ಯಾರೂ ಅವನ ಕಿವಿಯಲ್ಲಿ ಏನೂ ಊದದಿರಲಿ. ತೂಬು ಎತ್ತಿ, ನೀರು ಬಿಟ್ಟು, ಏನೂ ತಿಳಿಯದೆ ಹೋದವನು ಏನೂ ತಿಳಿಯದೆ ವಾಪಸು ಬರಲಿ. ಅಷ್ಟು ಮಾಡು.

ದೊಡ್ಡಮ್ಮ

*

ಜೂನ್ 5

ದೊಡ್ಡಮ್ಮ,

ಇದನ್ನು ರಾತ್ರಿ ಬಸ್ಸಿಗೆ ಕಾಯುತ್ತಾ ಬರೆದು, ಅಪ್ಪನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಅಂಟು ಹಾಕಿದ್ದೇನೆ, ಅವರು ಬಿಚ್ಚುವವರಲ್ಲ. ಅವರು ಚೆನ್ನಾಗಿದ್ದಾರೆ. ಮೊದಲು ಅದನ್ನು ತಿಳಿದುಕೋ, ಆಮೇಲೆ ಉಳಿದದ್ದನ್ನು ಓದು.

ಬೆಳಿಗ್ಗೆಯಿಂದ ನೀನು ಹೇಳಿದ ಹಾಗೆ ಅವರ ನೆರಳಾಗಿದ್ದೆ. ಹೊಸ ಅಂಗಿಯಲ್ಲಿ ಮದುಮಗನ ಹಾಗೆ ಕಾಣುತ್ತಿದ್ದರು. ಜನ ಜಾತ್ರೆಯಂತೆ ಸೇರಿತ್ತು. ಯಜಮಾನಿ ಭಾಷಣ ಮಾಡಿದರು, ಕೊಟ್ಟ ಮಾತಿನಂತೆ ಕೋಳಿಯ ಕಥೆ ಹೇಳಲಿಲ್ಲ. "ಈಗ ನಮ್ಮ ನೀರಿನವರು ಮೇಲೆ ಹೋಗ್ತಾರೆ" ಎಂದರು. ಗಂಟೆ ಬಾರಿಸಿತು. ಹಳೆಯ ಬಟ್ಟೆ ತೊಟ್ಟ ಹೆಂಗಸರು ದಿಕ್ಕಾಪಾಲಾಗಿ ಓಡಿದರು. ಕ್ಷಣದಲ್ಲಿ ತೋಟ ಖಾಲಿ. ಜನ ಹೋ ಎಂದರು.

ಅಪ್ಪ ಕೆರೆಯ ಕಡೆಗೆ ಹೋಗಲಿಲ್ಲ. ತಿರುಗಿ, ಜನರ ನಡುವೆ ದಾರಿ ಮಾಡಿಕೊಂಡು ಬಂಡೆಯ ಹತ್ತಿರ ನಡೆದರು. "ಅಪ್ಪಾ, ಆ ಕಡೆ ಅಲ್ಲ" ಎಂದು ತೋಳು ಹಿಡಿದೆ. ಮೆತ್ತಗೆ ಬಿಡಿಸಿಕೊಂಡರು. ಆ ಪುಟ್ಟ ಬಾಗಿಲ ಮುಂದೆ ಮಂಡಿಯೂರಿ ಕೂತರು. ಸರಳಿಗೆ ಮುಖ ಹತ್ತಿರ ತಂದು ಕರೆದರು.

"ಏನೇ... ಇದ್ದೀಯೇನೇ ಒಳಗೆ? ಈಚೆ ಬಾ. ಯಾರ್ ನಿಂತಿದ್ರೂ ಪರವಾಗಿಲ್ಲ, ಬಾ. ನೀನು ಬರೋವರೆಗೂ ನಾನು ನೀರು ಬಿಡಲ್ಲ."

ಅಪ್ಪನ ದನಿ ಅಷ್ಟು ಜೋರಾಗಿ ಕೇಳಿದ್ದು ನಾನು ಅದೇ ಮೊದಲು. ಗೊತ್ತಿತ್ತು, ದೊಡ್ಡಮ್ಮ. ಅವರಿಗೆ ಎಲ್ಲವೂ ಗೊತ್ತಿತ್ತು.

ಇನ್ನೂ ಇದೆ. ಬಾಗಿಲು ತೆರೆಯಿತು.

ನಾನು ಕಿರುಚಿಬಿಟ್ಟೆ. ಒಳಗಿಂದ ಒಬ್ಬ ಹೆಂಗಸು ಬಗ್ಗಿಕೊಂಡು ಈಚೆ ಬಂದಳು, ಅವಳ ಹಿಂದೆ ಇನ್ನೊಬ್ಬಳು. ಅದೇ ಹಳೆಯ ಕಾಲದ ಬಟ್ಟೆ. "ಕ್ಷಮಿಸಿ, ಬಚ್ಚಿಟ್ಕೊಳ್ಳೋಕೆ ಹೇಳಿದ್ರು, ಬೇರೆ ಜಾಗ ಸಿಗ್ಲಿಲ್ಲ" ಎಂದಳು ಮೊದಲನೆಯವಳು. ಸರಳಿಗೆ ಸಿಕ್ಕಿದ್ದ ಎಲೆ ತೆಗೆಯಲು ಬೆಳಿಗ್ಗೆ ಯಾರೋ ಬೀಗ ತೆಗೆದವರು ಹಾಕಿರಲಿಲ್ಲ. ಅಪ್ಪ ನೇರವಾಗಿ ಮೇಲೆ ಹೋಗಿ ತೂಬು ಎತ್ತಿದ್ದರೆ?

ಅಪ್ಪ ಮೊದಲು ಬಂದವಳ ಕೈ ಹಿಡಿದುಕೊಂಡರು. "ಬಂದ್ಯಾ" ಎಂದರು. ಅಷ್ಟೇ. ಅವಳಿಗೆ ಏನು ಅರ್ಥವಾಯಿತೋ, ಕೈ ಬಿಡಿಸಿಕೊಳ್ಳಲಿಲ್ಲ. "ಬಂದೆ" ಎಂದಳು.

ಜನ ಇದೂ ಆಟ ಎಂದುಕೊಂಡು ಚಪ್ಪಾಳೆ ತಟ್ಟಿದರು. ನಾನು ತಿರುಗಿ ನಿಂತು, ಬಾಯಿಗೆ ಬಂದದ್ದನ್ನೆಲ್ಲ ಕೂಗಿದೆ. ಅಮ್ಮ ಹೇಗೆ ಸತ್ತಳೆಂದು, ಎಲ್ಲಿ ಸತ್ತಳೆಂದು, ಯಾರು ನಗುತ್ತಿದ್ದರೆಂದು. ಯಜಮಾನಿ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಂಡು ಆ ಇಬ್ಬರು ಹೆಂಗಸರನ್ನೇ ನೋಡುತ್ತಿದ್ದರು. ಆಮೇಲೆ ಹುಲ್ಲಿನ ಮೇಲೆಯೇ ಕೂತುಬಿಟ್ಟರು. ಎರಡು ಕಥೆಯೂ ಒಂದೇ ಎಂದು ಈಗ ಅವರಿಗೆ ತಿಳಿದಿರಬೇಕು.

ಸಂಜೆ ಬಸ್ ನಿಲ್ದಾಣದಲ್ಲಿ ಅಪ್ಪನನ್ನು ಕೇಳಿದೆ. "ಮೆಟ್ಟಿಲು ಅಂದ್ರಲ್ಲ ಮಗಾ, ಆ ಕೆರೆ ಕಾಯ್ತಿದ್ದವನು ನಾನು. ಅದಕ್ಕೆ ಮೆಟ್ಟಿಲೆಲ್ಲಿತ್ತು? ಅವತ್ತು ಕೆರೆ ಹತ್ರ ಇದ್ದವನು ನಾನೇ, ನೀರಿದ್ದ ಇನ್ನೊಂದು ಜಾಗ ಅಂದ್ರೆ ಆ ಕಲ್ಲುಕೋಣೆ. ಆ ಮಾತು ಕೇಳಿದಾಗ್ಲೇ ಗೊತ್ತಾಯ್ತು. ನಾನೂ ಹೋಗ್ಬಿಡೋಣ ಅಂತಿದ್ದೆ. ನಿಮ್ಮ ದೊಡ್ಡಮ್ಮ ನಿನ್ನ ಎತ್ಕೊಂಡು ಬಾಗಿಲಿಗೆ ಅಡ್ಡ ನಿಂತಿದ್ಲು. ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದಾಳೆ, ನಂಬಿದ ಹಾಗೆ ಇದ್ಬಿಡೋಣ ಅಂದ್ಕೊಂಡೆ" ಎಂದರು. ನಿನಗೆ ಹೇಳಬೇಡವೆಂದು ಮಾತು ತೆಗೆದುಕೊಂಡರು. ನಾನು ಮಾತು ತಪ್ಪುತ್ತಿದ್ದೇನೆ. ನಿಮ್ಮಿಬ್ಬರ ಈ ಕಣ್ಣಾಮುಚ್ಚಾಲೆ ಸಾಕು.

ನಾನು ಇನ್ನು ಕೆಲವು ದಿನ ಇಲ್ಲೇ ಇರುತ್ತೇನೆ. ಆ ಹೆಂಗಸರೆಲ್ಲ ಸೇರಿ, ಗಂಟೆ ಇಳಿಸುವವರೆಗೂ ಕೆಲಸ ಮುಟ್ಟುವುದಿಲ್ಲ ಎಂದು ಗೇಟಿನ ಮುಂದೆ ಕೂತಿದ್ದಾರೆ. ನಾನೂ ಅವರ ಜೊತೆ ಕೂರುತ್ತೇನೆ. ಇತಿಹಾಸವನ್ನು ಮೊದಲಿಂದ ಬರೆಯುತ್ತೇನೆ, ಯಜಮಾನಿಗಾಗಿ ಅಲ್ಲ.

ಗುಬ್ಬಿ

*

ಜೂನ್ 8

ಗುಬ್ಬಿ,

ನಿನ್ನಪ್ಪ ಮೊನ್ನೆ ಮಧ್ಯಾಹ್ನದ ಹೊತ್ತಿಗೆ ಬಂದ. ಕಾಗದ ಕೊಟ್ಟ. ನಾನು ಅಂಗಡಿಯಲ್ಲಿ ನಿಂತೇ ಓದಿದೆ. ಕಂಪೌಂಡರನ ಹೆಂಡತಿ ಅಳತೆ ಕೊಡಲು ಕೈ ಎತ್ತಿಕೊಂಡು ನಿಂತಿದ್ದಳು. ಅವಳನ್ನು ಹಾಗೇ ಹೊರಗೆ ಕಳಿಸಿ ಬಾಗಿಲು ಹಾಕಿದೆ.

ಹಿಂದಿನ ಕೋಣೆಗೆ ಹೋದೆ. ಅಂಗಿ ಬಿಚ್ಚಿ, ಮಡಿಸಿ, ಸೈಕಲ್ ಚಕ್ರ ಹಿಡಿದುಕೊಂಡು ಕೂತಿದ್ದ. "ನೀರು ಬಿಟ್ಯಾ?" ಎಂದೆ.

"ಇಲ್ಲ ಅತ್ತಿಗೆ."

"ಒಳ್ಳೇದಾಯ್ತು."

ಅಷ್ಟೇ ಮಾತು. ಆಮೇಲೆ ಏನಾಯಿತೋ ಗೊತ್ತಿಲ್ಲ, ನನ್ನ ಬಾಯಿಂದ ಒಂದು ಕೂಗು ಬಂತು. ಅವನೂ ಅತ್ತ. ನಾವು ಇಷ್ಟು ವರ್ಷ ಒಬ್ಬರಿಗೊಬ್ಬರು ಕೇಳದ ಹಾಗೆ ತಲೆದಿಂಬಿಗೆ ಬಾಯಿ ಒತ್ತಿ ಅತ್ತವರು ಕಣೇ. ಮೊನ್ನೆ ಇಬ್ಬರೂ ನೆಲಕ್ಕೆ ಕೂತು ಅವಳ ಹೆಸರು ಹಿಡಿದು ಬೀದಿಗೆಲ್ಲ ಕೇಳುವ ಹಾಗೆ ಅತ್ತೆವು.

ಅಕ್ಕಪಕ್ಕದವರು ಓಡಿಬಂದು ಏನಾಯಿತೆಂದು ಬಾಗಿಲು ಬಡಿದರು. ಬಡಿದುಕೊಳ್ಳಲಿ ಎಂದು ಬಿಟ್ಟೆವು.

ದೊಡ್ಡಮ್ಮ